ತಂತಿಯ ಸಂತೆ, ಸುಂಕದ ಕಟ್ಟೆ

(ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಅಮೆರಿಕ ಮತ್ತು ಫ್ರಾನ್ಸ್ ದೇಶಗಳಲ್ಲಿ ಮೊದಮೊದಲ ಆನ್‌ಲೈನ್ ಸೇವೆಗಳು ಬೆಳೆದ ಬಗೆಯನ್ನು ಕುರಿತು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂದು ಬೆಳಗಿನಿಂದ ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದಿರುವುದು ನನ್ನ ಕಿವಿಗೂ ಬಿದ್ದಿದೆ. ಭೂಮಿ, ನೀರು, ರೈಲು, ಬ್ಯಾಂಕು ಇವೆಲ್ಲ ಯಾರ ಕೈಯಲ್ಲಿರಬೇಕೆಂದು ಗಂಟೆಗಟ್ಟಲೆ ಚರ್ಚಿಸುವ ನಾವು, ಜನ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಯಾರ ಕೈಯಲ್ಲಿದೆ ಎಂದು ಕೇಳದೆ ಬಿಡುವುದು ಸರಿಯೆ? ಇಂದು ಎಲ್ಲರ ಜೇಬಿನಲ್ಲೂ ಇರುವ ಫೋನಿನ ಸುತ್ತ ನಡೆದಿರುವ ಜಗಳಗಳು ಬಹುಮಟ್ಟಿಗೆ ಹಳೆಯವು. ಯಾರ ಮಾತನ್ನು ಅಳಿಸಬಹುದು, ಬೆಲೆಯನ್ನು ಯಾರು ಕಟ್ಟಬೇಕು, ದುಡಿದವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗಳೆಲ್ಲ ೧೯೭೯ರಿಂದ ೧೯೯೭ರವರೆಗಿನ ಅವಧಿಯಲ್ಲಿ, ಇಂಟರ್ನೆಟ್ಟು ಮನೆಮನೆಗೆ ಬರುವ ಮೊದಲೇ, ಒಂದು ಸುತ್ತು ಎದ್ದು ಹೋಗಿವೆ.

ಆ ಸೇವೆ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲೊಂದು ಸಣ್ಣ ಕಂಪ್ಯೂಟರು. ಅದನ್ನು ಟೆಲಿಫೋನು ತಂತಿಗೆ ಜೋಡಿಸಲು ಮೋಡೆಮ್ ಎಂಬ ಪೆಟ್ಟಿಗೆ. ಆ ಪೆಟ್ಟಿಗೆ ಒಂದು ಕಂಪೆನಿಯ ನಂಬರಿಗೆ ಫೋನು ಮಾಡುತ್ತದೆ. ಎರಡು ಯಂತ್ರಗಳು ಕೀಚಲು ದನಿಯಲ್ಲಿ ಮಾತಾಡಿಕೊಳ್ಳುತ್ತವೆ. ಆಮೇಲೆ ಪರದೆಯ ಮೇಲೆ ಆ ಕಂಪೆನಿಯ ಅಂಗಳ ತೆರೆಯುತ್ತದೆ. ಅಲ್ಲಿ ಸುದ್ದಿ ಉಂಟು, ಷೇರುಪೇಟೆಯ ಧಾರಣೆ ಉಂಟು, ಅಂಗಡಿ ಉಂಟು, ಕಾಗದ ಬರೆಯುವ ಅನುಕೂಲ ಉಂಟು, ಹತ್ತಾರು ಜನ ಒಟ್ಟಿಗೆ ಹರಟುವ ಕೋಣೆಗಳುಂಟು. ಎಲ್ಲವೂ ಆ ಒಂದೇ ಕಂಪೆನಿಯ ಬೇಲಿಯೊಳಗೆ. ಒಂದು ಕಂಪೆನಿಯ ಚಂದಾದಾರ ಇನ್ನೊಂದರ ಚಂದಾದಾರನಿಗೆ ಕಾಗದ ಬರೆಯಲು ಬಹುಕಾಲ ದಾರಿಯೇ ಇರಲಿಲ್ಲ.

ಇದರ ಹುಟ್ಟು ಸ್ವಾರಸ್ಯವಾದದ್ದು. ಓಹೈಯೊ ರಾಜ್ಯದ ಕೊಲಂಬಸ್ ಪಟ್ಟಣದ ಒಂದು ವಿಮಾ ಕಂಪೆನಿ ೧೯೬೯ರಲ್ಲಿ ಕಂಪ್ಯೂಟರು ವ್ಯವಹಾರಕ್ಕೆಂದು ಒಂದು ಅಂಗಸಂಸ್ಥೆ ತೆರೆಯಿತು. ಅದು ಯಂತ್ರದ ಸಮಯವನ್ನು ಬೇರೆ ಉದ್ಯಮಗಳಿಗೂ ಬಾಡಿಗೆಗೆ ಕೊಡುತ್ತಿತ್ತು. ಹಗಲೆಲ್ಲ ದುಡಿಯುವ ಯಂತ್ರ ರಾತ್ರಿ ಸುಮ್ಮನೆ ಕೂತಿರುತ್ತಿತ್ತು. ಸುಮ್ಮನೆ ಕೂತ ಎತ್ತನ್ನು ಯಾವ ಯಜಮಾನ ಸಹಿಸುತ್ತಾನೆ? ೧೯೭೯ರಲ್ಲಿ ಆ ರಾತ್ರಿಯ ಹೊತ್ತನ್ನು ಮನೆಗಳಿಗೆ ಮಾರಲು ಶುರುಮಾಡಿದರು. ಕಾಂಪ್ಯುಸರ್ವ್ ಎಂಬ ಸೇವೆ ಹೀಗೆ ಹುಟ್ಟಿತು. ಅದೇ ವರ್ಷ ವರ್ಜೀನಿಯದಲ್ಲಿ ‘ದಿ ಸೋರ್ಸ್’ ಎಂಬ ಇನ್ನೊಂದು ಹುಟ್ಟಿತು. ಮರುವರ್ಷವೇ ದೊಡ್ಡವರು ಬಂದು ಎರಡನ್ನೂ ಕೊಂಡರು. ಒಂದನ್ನು ಜನರ ತೆರಿಗೆ ಲೆಕ್ಕ ಬರೆದುಕೊಡುವ ಎಚ್ ಆಂಡ್ ಆರ್ ಬ್ಲಾಕ್ ಕಂಪೆನಿ ಕೊಂಡಿತು, ಇನ್ನೊಂದನ್ನು ರೀಡರ್ಸ್ ಡೈಜೆಸ್ಟ್ ಕೊಂಡಿತು.

ಬೆಲೆ ಗಂಟೆಯ ಲೆಕ್ಕದಲ್ಲಿ. ೧೯೮೦ರ ದಶಕದಲ್ಲಿ ಕಾಂಪ್ಯುಸರ್ವಿನ ಒಂದು ಗಂಟೆಗೆ ಐದಾರು ಡಾಲರಿನಿಂದ ಮೇಲೆ. ವೇಗದ ಮೋಡೆಮ್ ಇದ್ದವನು ಇನ್ನೂ ಹೆಚ್ಚು ತೆರಬೇಕು. ಅದೇ ಕಾಲದಲ್ಲಿ, ೧೯೮೧ರಿಂದ ೧೯೯೦ರವರೆಗೆ, ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ ೩.೩೫ ಡಾಲರು. ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ಈ ಕೋಣೆಯೊಳಗೆ ಒಂದು ಗಂಟೆ ಕೂತು ಮಾತಾಡಬೇಕಾದರೆ ಎರಡು ಗಂಟೆ ತಟ್ಟೆ ತೊಳೆಯಬೇಕಿತ್ತು. ಹೊಸ ಯುಗದ ಬಾಗಿಲು ಎಲ್ಲರಿಗೂ ತೆರೆದಿತ್ತು ಎಂದು ಈಗ ಪುಸ್ತಕ ಬರೆಯುವವರು ಈ ಲೆಕ್ಕವನ್ನು ಬರೆಯುವುದಿಲ್ಲ.

ಯಜಮಾನರು ತಮ್ಮ ಸರಕು ಸುದ್ದಿ ಮತ್ತು ಷೇರು ಧಾರಣೆ ಎಂದುಕೊಂಡಿದ್ದರು. ಕಾಂಪ್ಯುಸರ್ವ್ ೧೯೮೦ರಲ್ಲಿ ಲಾರಿ ಚಾಲಕರ ಸಿ. ಬಿ. ರೇಡಿಯೊ ಮಾದರಿಯಲ್ಲಿ ಬರಹದ ಮೂಲಕ ಹರಟುವ ಒಂದು ಏರ್ಪಾಡು ಮಾಡಿತು. ಜನ ಅದಕ್ಕೆ ಮುತ್ತಿಕೊಂಡರು. ರಾತ್ರಿಪಾಳಿಯಿಂದ ಬಂದವರು, ಮನೆಬಿಟ್ಟು ಹೊರಬರಲಾಗದ ಅಂಗವಿಕಲರು, ತಮ್ಮ ಊರಿನಲ್ಲಿ ಬಾಯಿಬಿಡಲಾಗದ ಸಂಕಟವಿದ್ದವರು ಎಲ್ಲರೂ ಅಲ್ಲಿ ಸೇರಿದರು. ನಮ್ಮ ವಾರದ ಸಂತೆಯನ್ನೇ ನೋಡಿ. ಸಂತೆಯ ಗುತ್ತಿಗೆ ಹಿಡಿದವನು ಸೊಪ್ಪು ಬೆಳೆಯುವುದಿಲ್ಲ, ಕಂಬಳಿ ನೇಯುವುದಿಲ್ಲ. ಸರಕು ತರುವವರೂ ಜನ, ಕೊಳ್ಳುವವರೂ ಜನ. ಅವನು ಬಾಗಿಲಲ್ಲಿ ಕೂತು ಸುಂಕ ಎತ್ತುತ್ತಾನೆ. ಈ ತಂತಿಯ ಸಂತೆಯಲ್ಲಿ ಸರಕೂ ಮಾತೇ ಆಗಿತ್ತು, ಆ ಮಾತನ್ನು ಆಡಿದವರೇ ಗಂಟೆಗಿಷ್ಟೆಂದು ಸುಂಕವನ್ನೂ ಕೊಟ್ಟರು.

ಈ ಸತ್ಯ ಕೊನೆಯವರೆಗೂ ತಿಳಿಯದೆ ಹೋದದ್ದು ಪ್ರಾಡಿಜಿ ಎಂಬ ಸೇವೆಗೆ. ೧೯೮೪ರಲ್ಲಿ ಸಿಯರ್ಸ್ ಎಂಬ ಅಂಗಡಿ ಸರಣಿ, ಐ. ಬಿ. ಎಂ. ಮತ್ತು ಸಿ. ಬಿ. ಎಸ್. ಪ್ರಸಾರ ಕಂಪೆನಿ ಕೂಡಿ ಕಟ್ಟಿದ್ದು; ಸಿ. ಬಿ. ಎಸ್. ನಡುವೆಯೇ ಕೈಬಿಟ್ಟಿತು. ೧೯೮೮ರಲ್ಲಿ ಸೇವೆ ಶುರುವಾಯಿತು. ಅವರ ಲೆಕ್ಕ ಸರಳ: ತಿಂಗಳಿಗೆ ಇಷ್ಟೆಂದು ಸಣ್ಣ ಚಂದಾ, ಪರದೆಯ ಕೆಳಗೆ ಜಾಹೀರಾತು, ಜನ ಕೂತಲ್ಲೇ ಸಾಮಾನು ಕೊಳ್ಳುತ್ತಾರೆ. ಜನ ಸಾಮಾನು ಕೊಳ್ಳಲಿಲ್ಲ, ಕಾಗದ ಬರೆದರು. ಕೆಲವರಂತೂ ದಿನಕ್ಕೆ ಹತ್ತಾರು. ಕಾಗದ ಸಾಗಿಸುವುದು ಕಂಪೆನಿಗೆ ಖರ್ಚು, ಲಾಭವಿಲ್ಲ. ೧೯೯೦ರಲ್ಲಿ ಕಂಪೆನಿ ಅಪ್ಪಣೆ ಹೊರಡಿಸಿತು: ತಿಂಗಳಿಗೆ ಮೂವತ್ತು ಕಾಗದ ಮಾತ್ರ, ಮೂವತ್ತೊಂದನೆಯದರಿಂದ ಒಂದೊಂದಕ್ಕೆ ೨೫ ಸೆಂಟು.

ಚಂದಾದಾರರು ಸಿಟ್ಟಾದರು. ಆ ಸೇವೆಯ ಸಾರ್ವಜನಿಕ ಫಲಕದಲ್ಲೇ ಪ್ರತಿಭಟನೆ ಬರೆದರು, ಕಂಪೆನಿ ಅದನ್ನು ಅಳಿಸಿತು. ಆಗ ಅವರು ಕಾಗದಗಳ ಮೂಲಕ ಸಂಘಟಿತರಾಗಿ ಒಂದು ಸಮಿತಿ ಮಾಡಿಕೊಂಡರು. ಪ್ರಾಡಿಜಿಯಲ್ಲಿ ಜಾಹೀರಾತು ಕೊಡುವ ಅಂಗಡಿಗಳಿಗೇ ಬರೆದು ನಿಮ್ಮ ಸಾಮಾನು ಕೊಳ್ಳುವುದಿಲ್ಲ ಎಂದರು. ಕಂಪೆನಿ ಮುಂದಾಳುಗಳ ಖಾತೆಯನ್ನೇ ಕಿತ್ತುಹಾಕಿತು. ನಮ್ಮ ಮನೆಯಂಗಳದಲ್ಲಿ ಏನು ಮಾತಾಡಬೇಕೆಂದು ನಾವು ನಿರ್ಧರಿಸುತ್ತೇವೆ ಎಂಬುದು ಅವರ ವಾದ. ಕಾನೂನಿನ ಪ್ರಕಾರ ಅವರ ಕಡೆಯೇ ಬಲವಿತ್ತು. ಊರ ನಡುವಿನ ಕಟ್ಟೆ ಒಬ್ಬ ಖಾಸಗಿಯವನ ಸ್ವತ್ತಾದರೆ, ಆ ಕಟ್ಟೆಯ ಮೇಲೆ ಕೂತು ಅವನನ್ನೇ ಟೀಕಿಸುವವನಿಗೆ ಎದ್ದುಹೋಗು ಎನ್ನಲು ಅವನಿಗೆ ಹಕ್ಕುಂಟು. ಈ ಗಂಟನ್ನು ಯಾರೂ ಇನ್ನೂ ಪೂರ್ತಿ ಬಿಡಿಸಿಲ್ಲ.

ಆದರೆ ಮಾತನ್ನು ಸೋಸುವ ಈ ಚಟ ಪ್ರಾಡಿಜಿಗೆ ತಿರುಗಿ ಬಡಿಯಿತು. ೧೯೯೫ರಲ್ಲಿ ಒಂದು ಷೇರು ದಳ್ಳಾಳಿ ಕಂಪೆನಿ, ಫಲಕದಲ್ಲಿ ಯಾರೋ ತನ್ನ ಮಾನಹಾನಿ ಮಾಡಿದರೆಂದು ದಾವೆ ಹೂಡಿತು. ನೀವು ಬರಹಗಳನ್ನು ಸೋಸುತ್ತೀರಿ, ಆದ್ದರಿಂದ ಪತ್ರಿಕೆಯ ಪ್ರಕಾಶಕರಂತೆ ನೀವೇ ಹೊಣೆ ಎಂದು ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. ೧೯೯೧ರಲ್ಲಿ ಏನನ್ನೂ ಸೋಸದ ಕಾಂಪ್ಯುಸರ್ವಿಗೆ ಇನ್ನೊಂದು ನ್ಯಾಯಾಲಯ ನಿನ್ನ ಹೊಣೆಯಿಲ್ಲ ಎಂದಿತ್ತು. ಕಸ ಗುಡಿಸಿದವನಿಗೆ ದಂಡ, ಗುಡಿಸದವನಿಗೆ ಮಾಫಿ! ಈ ವಿಚಿತ್ರವನ್ನು ಸರಿಪಡಿಸಲೆಂದು ಅಮೆರಿಕದ ಸಂಸತ್ತು ೧೯೯೬ರಲ್ಲಿ ೨೩೦ನೆಯ ವಿಧಿಯನ್ನು ತಂದಿತು. ಇತರರು ಬರೆದದ್ದಕ್ಕೆ ಸೇವೆ ನಡೆಸುವವನು ಹೊಣೆಯಲ್ಲ. ಸದುದ್ದೇಶದಿಂದ ಅಳಿಸಿದರೂ ಹೊಣೆಯಲ್ಲ. ಇಂದಿನ ದೈತ್ಯ ಕಂಪೆನಿಗಳೆಲ್ಲ ಆ ಕೊಡೆಯ ಕೆಳಗೇ ಬೆಳೆದವು. ಅಂದಹಾಗೆ, ದಾವೆ ಹೂಡಿದ ಆ ಸ್ಟ್ರಾಟನ್ ಓಕ್‌ಮಾಂಟ್ ಕಂಪೆನಿ ದೊಡ್ಡ ಮೋಸಗಾರ ಸಂಸ್ಥೆಯೆಂದು ಮುಂದೆ ಸಾಬೀತಾಯಿತು, ಅದರ ಮುಖ್ಯಸ್ಥರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು.

ಇನ್ನು ಅಮೆರಿಕ ಆನ್‌ಲೈನ್, ಜನರ ಬಾಯಲ್ಲಿ ಎ. ಓ. ಎಲ್. ಆಟದ ಯಂತ್ರಗಳಿಗೆ ತಂತಿಯಲ್ಲಿ ಆಟ ಕಳುಹಿಸುವ ಒಂದು ಕಂಪೆನಿ ಮುಳುಗಿದಾಗ ಅದರ ಅವಶೇಷದಿಂದ ೧೯೮೫ರಲ್ಲಿ ಎದ್ದದ್ದು ಇದು. ಮೊದಲು ಕಮಡೋರ್ ಎಂಬ ಅಗ್ಗದ ಕಂಪ್ಯೂಟರಿನವರಿಗೆ ಸೇವೆ ಕೊಟ್ಟು, ೧೯೮೯ರಲ್ಲಿ ತನ್ನ ಸೇವೆಗೆ ಈ ಹೆಸರನ್ನು ಇಟ್ಟಿತು. ಮುಂದಾಳು ಸ್ಟೀವ್ ಕೇಸ್. ಜನ ಬಯಸುವುದು ಒಬ್ಬರನ್ನೊಬ್ಬರು ಕಾಣುವುದನ್ನೇ ಎಂಬುದನ್ನು ಈತ ಅರಿತಿದ್ದ. ೧೯೯೪ರ ಆಗಸ್ಟಿನಲ್ಲಿ ಸದಸ್ಯರು ಹತ್ತು ಲಕ್ಷ. ೧೯೯೬ರ ಫೆಬ್ರವರಿಯಲ್ಲಿ ಐವತ್ತು ಲಕ್ಷ. ೧೯೯೭ರ ನವೆಂಬರಿನಲ್ಲಿ ಒಂದು ಕೋಟಿ. ನಮ್ಮ ಪತ್ರಿಕೆಯ ವ್ಯವಸ್ಥಾಪಕರು ಚಂದಾ ಪುಸ್ತಕ ಹಿಡಿದು ಬೀದಿಬೀದಿ ಅಲೆಯುವುದನ್ನು ಬಲ್ಲ ನಿಮಗೆ ಈ ಅಂಕಿಗಳು ಹೊಟ್ಟೆಕಿಚ್ಚು ಹುಟ್ಟಿಸಿದರೆ ತಪ್ಪಲ್ಲ.

ಈ ಬೆಳವಣಿಗೆಗೆ ಕಾರಣವೇನು? ಅಂಚೆಯಲ್ಲಿ, ಮಾಸಪತ್ರಿಕೆಯ ನಡುವೆ, ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಎಲ್ಲೆಂದರಲ್ಲಿ ಕಂಪೆನಿ ಪುಕ್ಕಟೆ ಡಿಸ್ಕುಗಳನ್ನು ಹಂಚಿತು. ಜನ ಅವನ್ನು ಲೋಟದ ಕೆಳಗಿಡಲು ಬಳಸುವಷ್ಟು. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಡಿಸ್ಕಿನ ಹಿಂದೆ ಇನ್ನೊಂದು ಸಂಗತಿಯಿದೆ. ಅಮೆರಿಕದ ಬಹುಪಾಲು ಮನೆಗಳಲ್ಲಿ ಸ್ಥಳೀಯ ಫೋನು ಕರೆಗೆ ನಿಮಿಷದ ಲೆಕ್ಕವಿರಲಿಲ್ಲ. ತಿಂಗಳ ಬಾಡಿಗೆ ಕೊಟ್ಟರೆ ಎಷ್ಟು ಹೊತ್ತಾದರೂ ಮಾತಾಡಬಹುದು. ಆ ದರ ರಾಜ್ಯ ಸರ್ಕಾರಗಳ ನಿಯಂತ್ರಣ ಮಂಡಳಿಗಳ ಕಾವಲಿನಲ್ಲಿ ಬೆಳೆದದ್ದು. ದೂರದ ಕರೆಯ ಕಂಪೆನಿಗಳು ಸ್ಥಳೀಯ ಫೋನು ಕಂಪೆನಿಗೆ ನಿಮಿಷಕ್ಕಿಷ್ಟೆಂದು ಕೊಡಬೇಕಾದ ಶುಲ್ಕದಿಂದ ೧೯೮೩ರಲ್ಲಿ ಕೇಂದ್ರದ ಸಂಪರ್ಕ ಆಯೋಗ ಈ ಹೊಸ ಸೇವೆಗಳಿಗೆ ವಿನಾಯಿತಿ ಕೊಟ್ಟಿತು. ೧೯೮೭ರಲ್ಲಿ ಆಯೋಗ ಆ ವಿನಾಯಿತಿಯನ್ನು ಹಿಂತೆಗೆಯಲು ಹೊರಟಾಗ ಚಂದಾದಾರರೇ ಈ ಫಲಕಗಳ ಮೂಲಕ ಒಗ್ಗೂಡಿ ಪತ್ರಗಳ ಸುರಿಮಳೆ ಸುರಿಸಿದರು. ಮರುವರ್ಷ ಆಯೋಗ ಹಿಂದೆ ಸರಿಯಿತು. ಖಾಸಗಿ ಉದ್ಯಮದ ಸಾಹಸ ಎಂದು ಹೊಗಳುವ ಬೆಳೆಗೆ ಸಾರ್ವಜನಿಕರು ಕಟ್ಟಿದ ಕಾಲುವೆಯ ನೀರು ಹರಿದಿತ್ತು. ಕಾಲುವೆಯ ಹೆಸರನ್ನು ಯಾರೂ ಎತ್ತುವುದಿಲ್ಲ.

ಡಿಸ್ಕು ಹಂಚಿದ ಖರ್ಚನ್ನು ಕಂಪೆನಿ ಆಯಾ ವರ್ಷದ ಖರ್ಚೆಂದು ಬರೆಯದೆ, ಮುಂದೆ ಫಲ ಕೊಡುವ ಆಸ್ತಿ ಎಂದು ಬರೆದು, ಎರಡು ವರ್ಷದವರೆಗೆ ಹಂಚುತ್ತಿತ್ತು. ಹಾಗಾಗಿ ಪುಸ್ತಕದಲ್ಲಿ ಲಾಭ ಕಾಣುತ್ತಿತ್ತು, ಷೇರು ಏರುತ್ತಿತ್ತು. ೧೯೯೬ರ ಅಕ್ಟೋಬರಿನಲ್ಲಿ ಆ ಲೆಕ್ಕವನ್ನು ಕೈಬಿಟ್ಟಾಗ ಹೊಡೆದುಹಾಕಿದ ಮೊತ್ತ ೩೮.೫ ಕೋಟಿ ಡಾಲರು. ಕಂಪೆನಿ ಹುಟ್ಟಿದಂದಿನಿಂದ ತೋರಿಸಿದ್ದ ಲಾಭವೆಲ್ಲ ಕೂಡಿದರೂ ಅಷ್ಟಾಗುತ್ತಿರಲಿಲ್ಲ. ೨೦೦೦ದಲ್ಲಿ ಷೇರುಪೇಟೆಯ ಆಯೋಗ ೩೫ ಲಕ್ಷ ಡಾಲರು ದಂಡ ಹಾಕಿತು. ಆ ಕಂಪೆನಿಗೆ ಅದು ವೀಳ್ಯದೆಲೆಯ ಖರ್ಚು.

೧೯೯೬ರ ಡಿಸೆಂಬರ್ ೧ರಂದು ಗಂಟೆಯ ಸುಂಕ ಹೋಯಿತು. ಅದುವರೆಗೆ ತಿಂಗಳಿಗೆ ಐದು ಗಂಟೆಗೆ ೯.೯೫ ಡಾಲರು, ಆಮೇಲೆ ಗಂಟೆಗೆ ೨.೯೫. ಇನ್ನು ಮುಂದೆ ೧೯.೯೫ಕ್ಕೆ ಎಷ್ಟು ಬೇಕಾದರೂ. ಜನ ಫೋನು ಹಚ್ಚಿದವರು ಇಳಿಸಲೇ ಇಲ್ಲ. ಮಾರಿದ ಚಂದಾ ಎಂಬತ್ತು ಲಕ್ಷದ ಹತ್ತಿರ, ಫೋನು ಎತ್ತಿಕೊಳ್ಳುವ ತಂತಿಗಳು ಅದಕ್ಕೆ ಸಾಲವು. ವಾರಗಟ್ಟಲೆ ಎಂಗೇಜ್ ಸದ್ದೇ ಗತಿ. ಮೂವತ್ತಕ್ಕೂ ಹೆಚ್ಚು ರಾಜ್ಯಗಳ ಸರ್ಕಾರಿ ವಕೀಲರು ಒಟ್ಟಾಗಿ ಬಂದ ಮೇಲೆ ೧೯೯೭ರ ಜನವರಿಯಲ್ಲಿ ಕಂಪೆನಿ ಹಣ ಹಿಂದಿರುಗಿಸಲು ಒಪ್ಪಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಈ ಸಾವಿರಾರು ಕೋಣೆಗಳನ್ನು ನೋಡಿಕೊಂಡವರಾರು? ಹೊಸಬರಿಗೆ ದಾರಿ ತೋರಿಸುವುದು, ಬೈಗುಳವಾಡುವವನನ್ನು ತಡೆಯುವುದು, ಮಕ್ಕಳ ಕೋಣೆಗೆ ಕಾವಲಿರುವುದು, ಫಲಕದ ಕಸ ತೆಗೆಯುವುದು, ಪಾಠ ಹೇಳುವುದು, ಇಷ್ಟನ್ನೂ ಮಾಡಿದವರು ‘ಸಮುದಾಯದ ಮುಂದಾಳು’ ಎಂಬ ದೊಡ್ಡ ಹೆಸರಿನ ಸ್ವಯಂಸೇವಕರು. ೧೯೯೦ರ ದಶಕದ ಕೊನೆಗೆ ಅವರ ಸಂಖ್ಯೆ ಸುಮಾರು ಹದಿನಾಲ್ಕು ಸಾವಿರ. ಅವರಿಗೆ ತರಬೇತಿ ಇತ್ತು, ಪಾಳಿ ಇತ್ತು, ವಾರಕ್ಕೆ ಕನಿಷ್ಠ ಇಷ್ಟು ಗಂಟೆ ಎಂಬ ಕಟ್ಟು ಇತ್ತು, ಹಾಜರಿ ಇತ್ತು, ಪಾಳಿ ಮುಗಿದ ಮೇಲೆ ವರದಿ ಬರೆಯಬೇಕಿತ್ತು. ಕೂಲಿ ಒಂದು ಇರಲಿಲ್ಲ. ಪ್ರತಿಯಾಗಿ ಸಿಗುತ್ತಿದ್ದುದು ಪುಕ್ಕಟೆ ಖಾತೆ.

ಗಂಟೆಗೆ ಮೂರು ಡಾಲರು ಸುಂಕವಿದ್ದಾಗ ಪುಕ್ಕಟೆ ಖಾತೆಗೆ ಬೆಲೆಯಿತ್ತು. ತಿಂಗಳಿಗೆ ನೂರು ಗಂಟೆ ಕೂರುವವನಿಗೆ ಮುನ್ನೂರು ಡಾಲರಿನ ಲಾಭ. ೧೯೯೬ರ ಡಿಸೆಂಬರಿನಲ್ಲಿ ಆ ಖಾತೆಯ ಬೆಲೆ ರಾತ್ರೋರಾತ್ರಿ ಇಪ್ಪತ್ತು ಡಾಲರಿಗೆ ಇಳಿಯಿತು. ಚಂದಾದಾರನಿಗೆ ಸಿಹಿಯಾದ ಸುದ್ದಿಯೇ ದುಡಿಯುವವನ ಪಾಲಿಗೆ ಕೂಲಿ ಕಡಿತವಾಯಿತು. ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ಕೋಣೆಗಳು ತುಂಬಿ ತುಳುಕಿದಾಗ ಹೆಚ್ಚಿತು.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಇದು ಹವ್ಯಾಸ, ಯಾರೂ ಬಲವಂತ ಮಾಡಿರಲಿಲ್ಲ ಎಂದು ಕಂಪೆನಿ ಹೇಳಿತು. ಸ್ವಯಂಸೇವಕರಲ್ಲೇ ಅನೇಕರು ಹಾಗೆಯೇ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ಅವರಿಗೆ ಗೆಳೆಯರಿದ್ದರು, ಮರ್ಯಾದೆ ಇತ್ತು. ಆದರೆ ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಕೂಲಿ ಬೇಡವೆಂದು ಎಲ್ಲಿ ಬರೆದಿದೆ? ತಾಯಿ ಪ್ರೀತಿಯಿಂದ ಅಡಿಗೆ ಮಾಡುತ್ತಾಳೆಂದು ಅದೇ ಅಡಿಗೆಯನ್ನು ಹೋಟೆಲಿನವನು ಮಾರಿಕೊಂಡು ಕಾಸು ಕೊಡದೆ ಹೋದರೆ ಸುಮ್ಮನಿರುತ್ತೇವೆಯೆ? ಹಾಜರಿ ತೆಗೆದುಕೊಳ್ಳುವ ಹವ್ಯಾಸವನ್ನು ನಾನಂತೂ ಕಂಡಿಲ್ಲ. ನಮ್ಮಲ್ಲಿ ಇದಕ್ಕೆ ಬಿಟ್ಟಿ ಚಾಕರಿ ಎಂಬ ಹಳೆಯ ಹೆಸರಿದೆ. ಹೊಸದಾಗಿ ಗೌರವಧನ ಎಂಬ ಮೆತ್ತನೆಯ ಹೆಸರೂ ಬಂದಿದೆ.

೧೯೯೯ರಲ್ಲಿ ಕೆಲವು ಮಾಜಿ ಸ್ವಯಂಸೇವಕರು ೧೯೩೮ರ ನ್ಯಾಯಯುತ ಕೂಲಿ ಕಾನೂನಿನಡಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಕಾರ್ಮಿಕ ಇಲಾಖೆ ವಿಚಾರಣೆ ಶುರುಮಾಡಿ ಏನನ್ನೂ ತೀರ್ಮಾನಿಸದೆ ಕೈಬಿಟ್ಟಿತು. ದಾವೆಯನ್ನು ವಜಾ ಮಾಡಿಸಲು ಕಂಪೆನಿ ಮಾಡಿದ ಪ್ರಯತ್ನ ೨೦೦೬ರಲ್ಲಿ ಸೋತಿತು. ಆ ವೇಳೆಗೆ ಸ್ವಯಂಸೇವಕರ ಏರ್ಪಾಡೇ ಮುಚ್ಚಿಹೋಗಿತ್ತು. ೨೦೧೦ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಹನ್ನೊಂದು ವರ್ಷ! ಮುಂದಿನ ಕಂಪೆನಿಗಳು ಇದರಿಂದ ಪಾಠ ಕಲಿತವು. ಪುಕ್ಕಟೆ ದುಡಿಯುವವರನ್ನು ಅವು ಇಟ್ಟುಕೊಂಡವು, ಹಾಜರಿ ಪುಸ್ತಕವನ್ನು ಮಾತ್ರ ಇಡಲಿಲ್ಲ.

ಬೇರೆ ದಾರಿ ಇತ್ತೆ? ಇತ್ತು, ಫ್ರಾನ್ಸಿನಲ್ಲಿ. ಅಲ್ಲಿ ಟೆಲಿಫೋನು ಸರ್ಕಾರದ ಅಂಚೆ ತಂತಿ ಇಲಾಖೆಯದು. ೧೯೮೦ರಲ್ಲಿ ಸಾಂ ಮಾಲೊ ಪಟ್ಟಣದಲ್ಲಿ, ಮರುವರ್ಷ ಪ್ಯಾರಿಸ್ ಬಳಿಯ ವೆಲಿಜಿಯಲ್ಲಿ ಪ್ರಯೋಗ ಮಾಡಿ, ಅಚ್ಚಿನ ಟೆಲಿಫೋನು ಡೈರೆಕ್ಟರಿಯ ಬದಲಿಗೆ ಮನೆಗಳಿಗೆ ಒಂದು ಸಣ್ಣ ಯಂತ್ರವನ್ನು ಪುಕ್ಕಟೆಯಾಗಿ ಕೊಡಲು ತೊಡಗಿದರು. ಹೆಸರು ಮಿನಿಟೆಲ್. ಕಂಪ್ಯೂಟರು ಕೊಳ್ಳಬೇಕಿಲ್ಲ, ಮೊದಲೇ ಚಂದಾ ಕಟ್ಟಬೇಕಿಲ್ಲ, ಬಳಸಿದ್ದಕ್ಕೆ ಫೋನು ಬಿಲ್ಲಿನಲ್ಲಿ ಲೆಕ್ಕ. ಡೈರೆಕ್ಟರಿ ನೋಡಲು ಮೊದಲ ಮೂರು ನಿಮಿಷ ಪುಕ್ಕಟೆ. ಯಾರು ಬೇಕಾದರೂ ಸೇವೆ ನಡೆಸಬಹುದಾದ ಏರ್ಪಾಡು ೧೯೮೪ರಲ್ಲಿ ಬಂತು. ವಸೂಲಾದ ಹಣದಲ್ಲಿ ಸುಮಾರು ಮೂರನೆಯ ಒಂದು ಭಾಗ ಇಲಾಖೆಗೆ, ಉಳಿದದ್ದು ಸೇವೆ ನಡೆಸುವವರಿಗೆ. ೧೯೯೦ರ ದಶಕದ ನಡುವೆ ಯಂತ್ರಗಳು ೬೫ ಲಕ್ಷದಷ್ಟು, ಸೇವೆಗಳು ಇಪ್ಪತ್ತು ಸಾವಿರಕ್ಕೂ ಮೇಲೆ. ಆರು ಕೋಟಿ ಮುಟ್ಟದ ಜನಸಂಖ್ಯೆಯ ದೇಶದಲ್ಲಿ! ಇಪ್ಪತ್ತಾರು ಕೋಟಿಯ ಅಮೆರಿಕದಲ್ಲಿ ಎ. ಓ. ಎಲ್. ಹತ್ತು ಲಕ್ಷ ಮುಟ್ಟಿದ್ದೇ ೧೯೯೪ರ ಆಗಸ್ಟಿನಲ್ಲಿ.

ಜಾಹೀರಾತು ಕೈಬಿಟ್ಟು ಹೋಗುತ್ತದೆಂದು ಅಲ್ಲಿನ ಪತ್ರಿಕೆಗಳು ಮೊದಲು ಬೊಬ್ಬೆಯಿಟ್ಟವು. ಅವನ್ನು ಸಮಾಧಾನಪಡಿಸಲು, ನೋಂದಾಯಿತ ಪತ್ರಿಕೆಗಳಿಗೆ ಮಾತ್ರ ಈ ಸೇವೆ ನಡೆಸುವ ಹಕ್ಕು ಎಂದು ಮೊದಲಿಗೆ ನಿಯಮ ಮಾಡಿದರು. ಕೂಡಲೇ ಯಾರೂ ಓದದ ಪತ್ರಿಕೆಗಳು ನೋಂದಣಿಗಾಗಿಯೇ ಹುಟ್ಟಿಕೊಂಡವು. ಯಾರೂ ಓದದ ಪತ್ರಿಕೆ ಎಂದಾಗ ಯಾರೂ ನಮ್ಮ ಸಂಪಾದಕರ ಕಡೆ ನೋಡಬಾರದು.

ಆದರೆ ಸರ್ಕಾರದ ಒಡೆತನ ಎಂದೊಡನೆ ಎಲ್ಲವೂ ಚಿನ್ನವಾಯಿತೆಂದು ನಾನು ಹೇಳಲಾರೆ. ಅಲ್ಲಿಯೂ ಜನ ಮುತ್ತಿದ್ದು ಹರಟೆಗೇ, ಅದರಲ್ಲೂ ಶೃಂಗಾರದ ಹರಟೆಗೆ. ೧೯೮೫ರ ಜೂನಿನಲ್ಲಿ ಅದರ ಭಾರಕ್ಕೆ ಇಡೀ ಜಾಲವೇ ಕುಸಿಯಿತು. ಹೆಣ್ಣಿನ ಹೆಸರಿನಲ್ಲಿ ಮಾತಾಡಿ ಗಿರಾಕಿಯನ್ನು ನಿಮಿಷಗಟ್ಟಲೆ ಹಿಡಿದಿಡಲು ಕೂಲಿಯಾಳುಗಳನ್ನು, ಗಂಡಸರನ್ನೂ, ಇಟ್ಟುಕೊಂಡಿದ್ದರು. ಆ ನಿಮಿಷಗಳ ಪಾಲು ಇಲಾಖೆಯ ಬೊಕ್ಕಸಕ್ಕೂ ಹೋಯಿತು. ಸರ್ಕಾರವೇ ಸುಂಕದ ಕಟ್ಟೆಯಲ್ಲಿ ಕೂತಿತ್ತು. ಇನ್ನೊಂದು ಕಡೆ, ೧೯೮೬ರಲ್ಲಿ ವಿಶ್ವವಿದ್ಯಾಲಯಗಳ ಮಸೂದೆಯ ವಿರುದ್ಧ ಎದ್ದ ವಿದ್ಯಾರ್ಥಿಗಳೂ, ೧೯೮೮ರಲ್ಲಿ ಮುಷ್ಕರ ಹೂಡಿದ ದಾದಿಯರೂ ತಮ್ಮ ಹೋರಾಟವನ್ನು ಊರಿಂದೂರಿಗೆ ಹೊಂದಿಸಿಕೊಂಡದ್ದು ಇದೇ ಯಂತ್ರದ ಮೂಲಕ. ಯಾರು ಯಾವ ಸೇವೆಗೆ ಹೋದರೆಂಬುದು ಬಿಲ್ಲಿನಲ್ಲಿ ಬರುತ್ತಿರಲಿಲ್ಲ, ಮೊತ್ತ ಮಾತ್ರ ಬರುತ್ತಿತ್ತು. ಸರ್ಕಾರದ ತಂತಿಯ ಮೇಲೆ ಸರ್ಕಾರದ ವಿರುದ್ಧ ಚಳವಳಿ ನಡೆಯಿತು, ವಿದ್ಯಾರ್ಥಿಗಳ ಒತ್ತಡಕ್ಕೆ ಮಸೂದೆ ವಾಪಸಾಯಿತು. ಪ್ರಾಡಿಜಿಯ ಅಂಗಳದಲ್ಲಿ ಇಪ್ಪತ್ತೈದು ಸೆಂಟಿನ ವಿರುದ್ಧ ಬಾಯಿಬಿಟ್ಟವರ ಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ಬಂದದ್ದು ೧೯೯೫ರ ಆಗಸ್ಟ್ ೧೫ರಂದು, ಆಗ ಸರ್ಕಾರದ್ದಾಗಿದ್ದ ವಿದೇಶ ಸಂಚಾರ ನಿಗಮದ ಮೂಲಕ. ಟೆಲಿಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಸ್ಥಳೀಯ ಕರೆಗೂ ಮೀಟರು ತಿರುಗುತ್ತಿತ್ತು. ಚಂದಾ ಸಾವಿರಾರು ರೂಪಾಯಿ. ಇಲ್ಲಿ ಒಡೆತನ ಸರ್ಕಾರದ್ದಾಗಿಯೂ ಫ್ರಾನ್ಸಿನ ಉದಾರತೆ ಬರಲಿಲ್ಲ. ಒಡೆತನದ ಜೊತೆಗೆ ದರದ ನೀತಿಯನ್ನೂ ನೋಡಬೇಕೆಂದು ನಾನು ಹೇಳುವುದು ಅದಕ್ಕೆ.

ಎ. ಓ. ಎಲ್. ಕಥೆ ಮುಗಿದದ್ದನ್ನು ಬೇಗ ಹೇಳುತ್ತೇನೆ. ೧೯೯೮ರಲ್ಲಿ ಕಾಂಪ್ಯುಸರ್ವನ್ನು ನುಂಗಿತು. ೨೦೦೦ದ ಜನವರಿಯಲ್ಲಿ ಟೈಮ್ ವಾರ್ನರ್ ಎಂಬ ಪತ್ರಿಕೆ ಸಿನಿಮಾಗಳ ದೈತ್ಯನನ್ನು ನುಂಗುವುದಾಗಿ ಸಾರಿತು, ಅಜೀರ್ಣವಾಯಿತು. ೨೦೦೨ರಲ್ಲಿ ಕೂಡು ಕಂಪೆನಿಯ ನಷ್ಟ ೯,೯೦೦ ಕೋಟಿ ಡಾಲರಿನ ಹತ್ತಿರ. ಚಂದಾದಾರರು ಬಿಟ್ಟುಹೋಗತೊಡಗಿದರು. ಬಿಡುತ್ತೇನೆಂದು ಫೋನು ಮಾಡಿದವರನ್ನು ಬಿಡದಂತೆ ಹಿಡಿದಿಟ್ಟ ನೌಕರರಿಗೆ ಬಹುಮಾನ ಕೊಡುವ ಪದ್ಧತಿ ಇಟ್ಟದ್ದಕ್ಕಾಗಿ ೨೦೦೫ರಲ್ಲಿ ನ್ಯೂಯಾರ್ಕ್ ರಾಜ್ಯದೊಡನೆ ರಾಜಿಮಾಡಿಕೊಂಡು ಹನ್ನೆರಡೂವರೆ ಲಕ್ಷ ಡಾಲರು ತೆತ್ತಿತು. ಇದೇ ವರ್ಷಗಳಲ್ಲಿ ಅಮೆರಿಕದ ಚಂದಾದಾರರ ಕರೆಗಳಿಗೆ ಉತ್ತರ ಹೇಳುವ ಕೆಲಸ ನಮ್ಮ ಬೆಂಗಳೂರಿಗೂ ಬಂತು. ಅಲ್ಲಿಯ ಹಗಲಿಗೆ ಇಲ್ಲಿ ರಾತ್ರಿಪಾಳಿ. ಕೊಲಂಬಸ್ಸಿನಲ್ಲಿ ರಾತ್ರಿ ಸುಮ್ಮನಿದ್ದ ಯಂತ್ರವನ್ನು ದುಡಿಸಲು ಹುಟ್ಟಿದ ವ್ಯಾಪಾರ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮ ಹುಡುಗ ಹುಡುಗಿಯರ ನಿದ್ದೆಯವರೆಗೆ ಬಂದು ಮುಟ್ಟಿತ್ತು.

ಮಿನಿಟೆಲನ್ನು ೨೦೧೨ರ ಜೂನ್ ೩೦ರಂದು ನಿಲ್ಲಿಸಿದರು. ಎ. ಓ. ಎಲ್. ತನ್ನ ಟೆಲಿಫೋನು ತಂತಿಯ ಸೇವೆಯನ್ನು ೨೦೨೫ರ ಸೆಪ್ಟೆಂಬರ್ ೩೦ರಂದು ನಿಲ್ಲಿಸಿತು. ಊಟದ ಗಂಟೆ ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿದೆ. ಹಿಂದಿನ ಸಾಲಿನಲ್ಲಿ ಗುಸುಗುಸು ಮಾಡುತ್ತಿದ್ದವರು ಮೊದಲು ಪ್ರಶ್ನೆ ಕೇಳಲಿ.